ಯಡೂರಿನ ಪಂಕ್ತಿಯಿಂದ ಮೆನು ಕಾರ್ಡಿನವರೆಗೆ

ಚಿಕ್ಕೋಡಿ ತಾಲ್ಲೂಕಿನ ಯಡೂರು ಕೃಷ್ಣಾ ನದಿಯ ದಂಡೆಯ ಊರು. ಸುತ್ತ ಕಬ್ಬಿನ ಹೊಲಗಳು. ಮಳೆಗಾಲದಲ್ಲಿ ಹೊಳೆ ಏರಿತೆಂದರೆ ಕಲ್ಲೋಳ–ಯಡೂರು ಸೇತುವೆ ನೀರಿನಡಿ ಸೇರುತ್ತದೆ. ಇಲ್ಲಿನ ವೀರಭದ್ರೇಶ್ವರನ ದರ್ಶನಕ್ಕೆ ಮಹಾರಾಷ್ಟ್ರದ ಭಕ್ತರೂ ಬರುವುದರಿಂದ ಗುಡಿಯ ಅಂಗಳದಲ್ಲಿ ಕನ್ನಡ, ಮರಾಠಿ ಎರಡೂ ಕಿವಿಗೆ ಬೀಳುತ್ತವೆ. ಈ ಭಾಗದ ಮಕ್ಕಳಿಗೆ ಎರಡು ಭಾಷೆಯೆಂದರೆ ಮನೆಗೆ ಮುಂಬಾಗಿಲು, ಹಿತ್ತಲ ಬಾಗಿಲು ಇದ್ದಂತೆ. ಕಷ್ಟ ಬರುವುದು ಮೂರನೆಯದರಲ್ಲಿ.

ಪ್ರಸಾದದ ಪಂಕ್ತಿಯಲ್ಲಿ ಕುಳಿತವರು ಏನನ್ನೂ ಆರಿಸಬೇಕಾಗಿಲ್ಲ. ಬಡಿಸುವವರೇ ಬರುತ್ತಾರೆ. ಎಲೆಯ ಮೇಲೆ ಕೈ ಅಡ್ಡ ಹಿಡಿದು ‘ಸಾಕ್ರಿ’ ಎಂದರೆ ಮುಗಿಯಿತು. ಚಿಕ್ಕೋಡಿಯ ಖಾನಾವಳಿಯಲ್ಲೂ ‘ಎರಡ ರೊಟ್ಟಿ ಕೊಡ್ರಿ’ ಎಂಬಷ್ಟು ಮಾತು ಸಾಕು. ಆದರೆ ರಾಯಬಾಗದಲ್ಲಿ ಸಂಜೆ ರೈಲು ಹತ್ತಿ ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿಯುವ, ಇಲ್ಲವೇ ಮೀರಜ್ ಮೇಲಿಂದ ಪುಣೆಗೆ ಹೋಗುವ ವಿದ್ಯಾರ್ಥಿಯ ಕೈಗೆ ಒಂದು ದಿನ ಇಂಗ್ಲಿಷ್ ಮೆನು ಕಾರ್ಡು ಬರುತ್ತದೆ. ಪರೀಕ್ಷೆಯಲ್ಲಿ ಇಂಗ್ಲಿಷಿಗೆ ಒಳ್ಳೆಯ ಅಂಕ ಪಡೆದವನೂ ಅದನ್ನು ಮೇಲಿಂದ ಕೆಳಗೆ ನೋಡಿ, ಪಕ್ಕದವನು ಹೇಳಿದ್ದಕ್ಕೇ ‘ಸೇಮ್’ ಎಂದು ಮುಗಿಸುತ್ತಾನೆ. ಆ ‘ಸೇಮ್’ ಮೊಟ್ಟೆ ಹಾಕಿದ್ದೋ, ಕಿಸೆಗೆ ಭಾರವಾದದ್ದೋ, ತಟ್ಟೆ ಬಂದ ಮೇಲೆಯೇ ತಿಳಿಯುವುದು.

ರಾಜ್ಯದ ಕನ್ನಡ ಮಾಧ್ಯಮ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯವಾಗಿದೆ. ಹಾಗಿದ್ದೂ ಹುಡುಗರು ತಡವರಿಸುವುದೇಕೆ? ಪದಗಳ ಕೊರತೆ ಅಷ್ಟಾಗಿ ಇಲ್ಲ. ಪ್ಲೇಟು, ಬಿಲ್ಲು, ಪಾರ್ಸಲ್ಲು, ಬೈ ಟು ಎಲ್ಲವೂ ನಮ್ಮವೇ ಆಗಿಬಿಟ್ಟಿವೆ. ತೊಡಕಿರುವುದು ಮರ್ಯಾದೆಯ ಜಾಗದಲ್ಲಿ. ನಮ್ಮಲ್ಲಿ ಅದು ಕ್ರಿಯಾಪದದ ಬಾಲದಲ್ಲಿದೆ: ಕೊಡ್ರಿ, ತರ್ರಿ, ಹೇಳ್ರಿ. ಆ ‘ರಿ’ಗೆ ಇಂಗ್ಲಿಷಿನಲ್ಲಿ ಬಾಲವಿಲ್ಲ. ‘ಕೊಡ್ರಿ’ಯನ್ನು ‘ಗಿವ್’ ಎಂದೂ, ‘ಬೇಕು’ ಎಂಬುದನ್ನು ‘ಐ ವಾಂಟ್’ ಎಂದೂ ಮಾಡಿದರೆ ವ್ಯಾಕರಣ ಸರಿಯಿದ್ದೂ ದನಿ ಒರಟಾಗುತ್ತದೆ. ಮನೆಯಲ್ಲಿ ಅಷ್ಟು ಮೃದುವಾಗಿ ಮಾತಾಡುವ ಹುಡುಗ ಅಲ್ಲಿ ಗದರಿಸುವವನಂತೆ ಕೇಳಿಸುತ್ತಾನೆ. ‘ಕುಡ್ ಐ ಹ್ಯಾವ್ ಟು ರೋಟೀಸ್, ಪ್ಲೀಸ್?’ ಎಂಬ ವಾಕ್ಯದಲ್ಲಿ ‘ರಿ’ ಎರಡು ಕಡೆ ಹಂಚಿಹೋಗಿದೆ: ಅರ್ಧ ಮೊದಲಿಗೆ, ಅರ್ಧ ಕೊನೆಗೆ. ‘ಸಾಕ್ರಿ’ಗೆ ‘ಇನಫ್’ ಎಂದರೂ ಅದೇ ಎಡವಟ್ಟು. ‘ನೋ, ಥ್ಯಾಂಕ್ ಯೂ’ ಎನ್ನಬೇಕು. ಇದೊಂದು ಹಿಡಿತಕ್ಕೆ ಬಂದರೆ ಉಳಿದದ್ದು ರೂಢಿಯಿಂದ ಬರುತ್ತದೆ.

ವಿದೇಶಕ್ಕೆ ಹೋಗುವವರಿಗೆ ಇನ್ನೊಂದು ತಮಾಷೆಯಿದೆ. ನಾವು ಇಂಗ್ಲಿಷ್ ಎಂದು ನಂಬಿದ ಕೆಲವು ಮಾತು ಅಲ್ಲಿ ನಡೆಯವು. ಹಸಿದವರು ‘ಹೋಟೆಲ್’ ಎಲ್ಲಿ ಎಂದು ಕೇಳಿದರೆ ತಂಗುವ ಜಾಗ ತೋರಿಸುತ್ತಾರೆ. ‘ಪಾರ್ಸಲ್’ ಎಂದರೆ ಅಂಚೆಯ ಗಂಟು; ಕಟ್ಟಿಸಿಕೊಳ್ಳುವುದಕ್ಕೆ ಇಂಗ್ಲೆಂಡಿನಲ್ಲಿ ‘ಟೇಕ್‌ಅವೇ’, ಅಮೆರಿಕದಲ್ಲಿ ‘ಟು ಗೋ’. ಎಣ್ಣೆಗಾಯಿಯ ಬದನೆ ನಮಗೆ ‘ಬ್ರಿಂಜಾಲ್’, ಇಂಗ್ಲೆಂಡಿನವರಿಗೆ ‘ಓಬರ್ಜೀನ್’, ಅಮೆರಿಕದವರಿಗೆ ‘ಎಗ್‌ಪ್ಲಾಂಟ್’. ಹೆಸರಿನಲ್ಲಿ ಎಗ್ ಇದೆಯೆಂದು ಸಸ್ಯಾಹಾರಿಗಳು ಹೆದರಬೇಕಾಗಿಲ್ಲ. ಮೆನು, ರೆಸ್ಟೋರೆಂಟ್ ಎಂಬ ಪದಗಳೇ ಫ್ರೆಂಚಿನಿಂದ ಬಂದವು. ಹಾಗಾಗಿ ಕಾರ್ಡಿನ ಮೇಲಿನ ಎಲ್ಲ ಹೆಸರೂ ಇಂಗ್ಲಿಷರಿಗೂ ತಿಳಿಯುತ್ತವೆ ಎಂದೇನಿಲ್ಲ. ಅವರೂ ‘ವಾಟ್ ಈಸ್ ದಿಸ್?’ ಎಂದೇ ಕೇಳುತ್ತಾರೆ. ಕೇಳಲು ನಾವೇಕೆ ನಾಚಬೇಕು?

ಕೇಳಲೇಬೇಕಾದ ಸಂದರ್ಭಗಳೂ ಇವೆ. ಚಿಕ್ಕೋಡಿ, ರಾಯಬಾಗ ಭಾಗದಲ್ಲಿ ಲಿಂಗಾಯತ, ಜೈನ ಕುಟುಂಬಗಳು ಬಹಳ. ಕೇಕಿನಲ್ಲಿ, ಮೆಯೊನೇಸಿನಲ್ಲಿ ಮೊಟ್ಟೆ ಇರಬಹುದು. ಜೆಲ್ಲಿಯಲ್ಲಿ ಬಳಸುವ ಜೆಲಾಟಿನ್ ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದದ್ದು. ಕೆಲವರಿಗೆ ಶೇಂಗಾ ಒಗ್ಗದು. ಅಂಥವರಿಗೆ ಚೂರು ಶೇಂಗಾ ಕೂಡ ಉಸಿರಾಟಕ್ಕೆ ಸಂಚಕಾರ ತಂದೀತು. ‘ಡಸ್ ಇಟ್ ಹ್ಯಾವ್ ಎಗ್?’, ‘ಡಸ್ ಇಟ್ ಹ್ಯಾವ್ ಪೀನಟ್ಸ್?’ — ಎರಡೂ ನಾಲ್ಕೇ ಪದಗಳ ಪ್ರಶ್ನೆ. ಎಷ್ಟೋ ಕಡೆ ‘ಜೈನ್’ ಎಂದರೆ ಈರುಳ್ಳಿ, ಬೆಳ್ಳುಳ್ಳಿ, ಗಡ್ಡೆಗೆಣಸು ಬಿಟ್ಟ ಅಡುಗೆ ಎಂದು ಅಡುಗೆಯವರಿಗೆ ಗೊತ್ತು. ಆದರೂ ಬಿಡಿಸಿ ಹೇಳುವುದು ಕ್ಷೇಮ.

ಹಲವು ಶಾಖೆಗಳಿರುವ ದೊಡ್ಡ ಹೋಟೆಲುಗಳು ತಿನಿಸಿನ ಎದುರು ‘ಕೆ ಕ್ಯಾಲ್’ ಎಂದೂ ಅಚ್ಚು ಹಾಕಿಸುತ್ತವೆ. ಇದು ಬೆಲೆಯಲ್ಲ! ಒಂದು ಕಿಲೋಗ್ರಾಂ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಮಾಡಲು ಬೇಕಾಗುವ ಶಾಖವೇ ಒಂದು ಕಿಲೋ ಕ್ಯಾಲೊರಿ. ದುಡಿಯುವ ವಯಸ್ಕರಿಗೆ ದಿನಕ್ಕೆ ಸರಾಸರಿ 2000 ಬೇಕು ಎಂಬ ಸಾಲೂ ಅಲ್ಲೇ ಕೆಳಗೆ ಸಣ್ಣಕ್ಷರದಲ್ಲಿರುತ್ತದೆ.

ಇಷ್ಟನ್ನು ಕಲಿಯಲು ನಗರದ ತರಬೇತಿ ಕೇಂದ್ರಕ್ಕೆ ಹಣ ಸುರಿಯಬೇಕಾಗಿಲ್ಲ. ಅಕ್ಕ ಬಡಿಸುವವಳಾಗಿ, ತಮ್ಮ ಗಿರಾಕಿಯಾಗಿ ರಾತ್ರಿ ಊಟದ ಹೊತ್ತಿಗೆ ನಾಲ್ಕು ದಿನ ಆಡಿದರೆ ಸಾಕು. ಬೆಂಡಿಕಾಯಿ ಪಲ್ಯ, ಝುಣಕ, ರೊಟ್ಟಿಗಳ ಹೆಸರು ಹಾಗೆಯೇ ಇರಲಿ, ಅವುಗಳಿಗೆ ಇಂಗ್ಲಿಷ್ ಹುಡುಕುವ ಗೊಡವೆ ಬೇಡ. ತಾಯಿಗೆ ಇಂಗ್ಲಿಷ್ ಬಾರದಿದ್ದರೂ ಚಿಂತೆಯಿಲ್ಲ. ‘ಪ್ಲೀಸ್’ ಕೇಳಿಸುವವರೆಗೆ ರೊಟ್ಟಿ ಹಾಕದಿದ್ದರಾಯಿತು.