ಒಂದೇ ದಿನದಲ್ಲಿ ಕಡಲು, ಕೋಟೆ, ಜಲಪಾತ

ಗೋಕರ್ಣದಿಂದ ಹೊನ್ನಾವರದ ತನಕ ‘ಒಂದು ದಿನದ ಟೂರ್’ ಎಂಬ ಪಟ್ಟಿ ಹಿಡಿದವರು ಕಣ್ಣಿಗೆ ಬೀಳುತ್ತಲೇ ಇರುತ್ತಾರೆ. ಓಂ ಬೀಚ್, ಮಿರ್ಜಾನ್ ಕೋಟೆ, ಅಪ್ಸರಕೊಂಡ, ಸಮಯವಿದ್ದರೆ ಜೋಗ, ನಡುವೆ ಊಟ. ಸಮಯ ಯಾವತ್ತೂ ಇರುವುದಿಲ್ಲ, ಆದರೂ ಜೋಗ ಪಟ್ಟಿಯಲ್ಲಿ ಇರಲೇಬೇಕು.

ಈ ಪಟ್ಟಿ ಬರೆದವರು ಪಂಚಾಂಗ ನೋಡಿದಂತಿಲ್ಲ. ಕಡಲಿಗೆ ಬಿಸಿಲು ಬೇಕು, ಜಲಪಾತಕ್ಕೆ ಮಳೆ ಬೇಕು. ಏಪ್ರಿಲ್‌ನಲ್ಲಿ ಹೋದರೆ ಓಂ ಬೀಚಿನ ನೀರು ಸಾಧು ಹಸುವಿನಂತೆ ಕಾಲು ನೆಕ್ಕುತ್ತದೆ. ಅಪ್ಸರಕೊಂಡದಲ್ಲಿ ಮಾತ್ರ ಬಂಡೆಗೆ ಅಂಟಿದ ತೇವವನ್ನೇ ಜಲಪಾತವೆಂದು ನಂಬಬೇಕು. (ಕುಮಟಾದ ಸಿಹಿ ಈರುಳ್ಳಿ ಹೆದ್ದಾರಿ ಪಕ್ಕ ಗೊಂಚಲು ಗೊಂಚಲಾಗಿ ತೂಗುವುದು ಬೇಸಿಗೆಯಲ್ಲೇ. ಅದನ್ನು ಕೊಂಡರೂ ಪ್ರವಾಸ ಸಾರ್ಥಕ ಎನ್ನುವವರು ನಮ್ಮ ಮನೆಯಲ್ಲಿದ್ದಾರೆ.) ಜುಲೈನಲ್ಲಿ ಹೋದಿರೋ, ಅಪ್ಸರೆಯರು ವಾಪಸು ಬಂದಿರುತ್ತಾರೆ, ಕಡಲು ಹತ್ತಿರ ಸೇರಿಸುವುದಿಲ್ಲ. ಯಾಂತ್ರಿಕ ದೋಣಿಗಳೇ ಜೂನ್ 1ರಿಂದ ಜುಲೈ 31ರವರೆಗೆ ಮೀನಿಗೆ ಹೋಗುವಂತಿಲ್ಲ ಎಂದಮೇಲೆ ನಮ್ಮದೇನು?

ಅಪ್ಸರಕೊಂಡದಲ್ಲಿ ಗುಹೆಗಳಿವೆ. ಗೈಡ್ ತಡಮಾಡದೆ “ಪಾಂಡವರು ಇಲ್ಲೇ ಇದ್ರು ಸರ್” ಅನ್ನುತ್ತಾನೆ. ಕರ್ನಾಟಕದಲ್ಲಿ ಗುಹೆ ಇರುವ ಕಡೆಯೆಲ್ಲ ಪಾಂಡವರು ಇದ್ದರು. ಲೆಕ್ಕ ಹಾಕಿದರೆ ಅವರಿಗೂ ಒಂದೊಂದು ಊರಿಗೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಸಿಕ್ಕಿರಲಾರದು.

ಮಿರ್ಜಾನ್ ವಿಷಯ ಬೇರೆ. ಹೆದ್ದಾರಿಯಿಂದ ತುಸು ಒಳಗೆ, ಅಘನಾಶಿನಿಯ ಬಯಲಲ್ಲಿ ಚಿರೆಕಲ್ಲಿನ ಕೋಟೆ. ಸುತ್ತ ಕಂದಕ, ದುಂಡನೆಯ ಬುರುಜು, ಒಳಗೆ ಆಳದ ಬಾವಿಗಳು. ಚಿರೆಕಲ್ಲು ಅಗೆಯುವಾಗ ಮೆತ್ತಗಿದ್ದು ಗಾಳಿ ತಾಗಿದಮೇಲೆ ಗಟ್ಟಿಯಾಗುವಂಥದ್ದು. ಅದರ ಸಣ್ಣ ಸಣ್ಣ ತೂತುಗಳಲ್ಲಿ ಮಳೆಗಾಲದ ಪಾಚಿ ಹಿಡಿದರೆ ಇಡೀ ಕೋಟೆ ಹಸಿರು. ಕಟ್ಟಿದವರು ಯಾರು ಎನ್ನುವುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಗೈಡಿಗೆ ಅನುಮಾನವೇ ಇಲ್ಲ. “ಚೆನ್ನಭೈರಾದೇವಿ ಸರ್, ಕಾಳುಮೆಣಸಿನ ರಾಣಿ.” ಪೋರ್ಚುಗೀಸರು ಆಕೆಯನ್ನು ಹಾಗೆ ಕರೆದದ್ದು ನಿಜ. ಆಕೆಯ ಆಳ್ವಿಕೆ ಐವತ್ತು ವರ್ಷ ಮೀರಿತ್ತು ಎನ್ನುತ್ತಾರೆ.

ಸರಿ, ಆ ರಾಣಿಯ ರಾಜಧಾನಿ ಎಲ್ಲಿ? ಗೇರುಸೊಪ್ಪೆ. ಹೊನ್ನಾವರದಿಂದ ಜೋಗಕ್ಕೆ ಹೋಗುವ ದಾರಿಯಲ್ಲೇ, ಘಾಟಿಯ ಬುಡದಲ್ಲೇ ಇದೆ. ಜೋಗವನ್ನು ಬ್ರಿಟಿಷರು ಕರೆಯುತ್ತಿದ್ದದ್ದೂ ಗೇರುಸೊಪ್ಪೆ ಜಲಪಾತ ಎಂದೇ. ಆದರೂ ಟೂರಿನ ಗಾಡಿ ಅಲ್ಲಿ ನಿಲ್ಲುವುದಿಲ್ಲ. ನಿಂತರೆ ಟೀಗೆ.

ಶರಾವತಿ ನದಿಯಾಚೆ ನಗರಬಸ್ತಿಕೇರಿಯ ಕಾಡಿನೊಳಗೆ ಚತುರ್ಮುಖ ಬಸದಿ ಇದೆ. ನಾಲ್ಕು ದಿಕ್ಕಿಗೂ ಬಾಗಿಲು. ಯಾವ ಬಾಗಿಲಲ್ಲಿ ನಿಂತರೂ ಒಬ್ಬ ತೀರ್ಥಂಕರ ಎದುರಾಗುತ್ತಾನೆ. ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ 1623ರಲ್ಲಿ ಹೊನ್ನಾವರದಿಂದ ದೋಣಿ ಹತ್ತಿ ಶರಾವತಿಯಲ್ಲಿ ಮೇಲಕ್ಕೆ ಬಂದ. ಇಕ್ಕೇರಿಯಲ್ಲಿದ್ದ ಕೆಳದಿ ಅರಸ ವೆಂಕಟಪ್ಪ ನಾಯಕನ ಬಳಿಗೆ ಹೊರಟಿದ್ದ ರಾಯಭಾರಿಯ ಜೊತೆಗಾರ. ನದಿಯ ಚೆಲುವಿಗೆ ಮಾರುಹೋದ. ಗೇರುಸೊಪ್ಪೆಯ ಪಟ್ಟಣ, ಅರಮನೆ ಆಗಲೇ ಗಿಡಮರ ಬೆಳೆದು ಹಾಳುಬಿದ್ದದ್ದನ್ನೂ ಬರೆದಿಟ್ಟ. ಕೆಳದಿಯವರು ಗೇರುಸೊಪ್ಪೆಯನ್ನು ಮುಗಿಸಿ ಎಷ್ಟು ವರ್ಷವಾಗಿತ್ತು? ಒಂದು ತಲೆಮಾರೂ ಕಳೆದಿರಲಿಲ್ಲ. ನಮ್ಮ ಮಲೆನಾಡಿನ ಮಳೆಗೆ ಅಷ್ಟು ಸಾಕು. ಹಾಳು ನೋಡಲು ಬಂದವರು ಇದನ್ನು ಬಿಟ್ಟು, ಪಾರ್ಕಿಂಗ್ ಇದೆ ಎಂಬ ಕಾರಣಕ್ಕೆ ಬೇರೆಲ್ಲೋ ಇಳಿಯುವುದು ನನಗಂತೂ ಒಗ್ಗದ ಸಂಗತಿ.

ಕಡಲ ಕಥೆಯೂ ಇದೇ. ಓಂ ಬೀಚಿನಿಂದ ಹಾಫ್ ಮೂನ್, ಅಲ್ಲಿಂದ ಪ್ಯಾರಡೈಸ್, ಕಲ್ಲುಗುಡ್ಡದ ಅಂಚಿನ ಕಾಲುದಾರಿಯಲ್ಲಿ ನಡೆದವರಿಗೆ ಮಾತ್ರ ಈ ಕರಾವಳಿಯ ಒರಟು ಮುಖ ಕಾಣುತ್ತದೆ. ಗಾಡಿ ಕಾಯುತ್ತಿದ್ದರೆ ನಡೆಯುವುದೆಲ್ಲಿ?

ಜೋಗದ 830 ಅಡಿ ನೋಡಲೇಬೇಕು, ನಿಜ. ಆದರೆ 1964ರಿಂದ ಲಿಂಗನಮಕ್ಕಿ ಅಣೆಕಟ್ಟು ನೀರು ಹಿಡಿದಿಟ್ಟುಕೊಳ್ಳುತ್ತಿದೆ. ಒಳ್ಳೆಯ ಮಳೆ ಬಿದ್ದಾಗ ಅದಕ್ಕೆಂದೇ ಬೇರೆ ದಿನ ಹೋಗಿ.

ಈ ಕಡೆಗೆ ಚೌತಿ ಕಳೆದ ಮೇಲೆ ಬನ್ನಿ. ಆಗ ಹಳ್ಳಗಳಲ್ಲಿ ನೀರು ಉಳಿದಿರುತ್ತದೆ, ಕಡಲೂ ಸ್ವಲ್ಪ ತಣ್ಣಗಾಗಿರುತ್ತದೆ. ಹೊರಡುವ ಮುನ್ನವೇ ಪಟ್ಟಿಯಲ್ಲಿ ಎರಡು ಹೆಸರು ಹೊಡೆದುಹಾಕಿಸಿ, ನಗರಬಸ್ತಿಕೇರಿ ಬರೆಸಿ. ಡ್ರೈವರ್ ಗೊಣಗಿದರೆ ಗೊಣಗಲಿ, ದುಡ್ಡು ಕೊಡುವವರು ನೀವು.