ಮೂರು ಸೆಕೆಂಡು

ಕಳೆದ ವರ್ಷದ ಮಳೆಗಾಲದಲ್ಲಿ ಅಪ್ಪನಿಗೆ ಆದ ಮೂತ್ರದ ಸೋಂಕು ರಕ್ತಕ್ಕೂ ಹರಡಿ, ಅವರನ್ನು ಐಸಿಯುಗೆ ಸೇರಿಸಬೇಕಾಯಿತು. ಡಾಕ್ಟರು 'ಸೆಪ್ಟಿಕ್ ಶಾಕ್' ಎಂದರು. ಸೋಂಕಿನ ವಿರುದ್ಧ ಹೋರಾಡಬೇಕಾದ ದೇಹ ಹದ ತಪ್ಪಿ, ರಕ್ತನಾಳಗಳು ಸಡಿಲಗೊಂಡು, ಬಿ.ಪಿ. ಕುಸಿಯುವ ಸ್ಥಿತಿ ಅದು.

ಬೆರಳಿಗೆ ಸಿಕ್ಕಿಸುವ ಸೆನ್ಸರ್ ಕೊಡುವ ನಾಡಿಯ ಅಲೆಗಳನ್ನು ಕಂಪ್ಯೂಟರಿನಲ್ಲಿ ವಿಶ್ಲೇಷಿಸುವುದು ನನ್ನ ಪಿಎಚ್.ಡಿ. ವಿಷಯ. ಅದಕ್ಕೋ ಏನೋ, ಒಳಗೆ ಬಿಟ್ಟ ಹತ್ತು ನಿಮಿಷವೂ ನಾನು ನೋಡಿದ್ದು ಮಾನಿಟರನ್ನು, ಅಪ್ಪನನ್ನಲ್ಲ. ನಾರ್‌ಅಡ್ರಿನಲಿನ್ ಹೋಗುತ್ತಿತ್ತು. ಸರಾಸರಿ ರಕ್ತದೊತ್ತಡ 68. ಸಾಮಾನ್ಯವಾಗಿ ಇಟ್ಟುಕೊಳ್ಳುವ ಗುರಿ 65.

"ಪರವಾಗಿಲ್ಲ ಅಲ್ವಾ ಸಿಸ್ಟರ್?" ಎಂದೆ.

ಅವರು ಅಪ್ಪನ ತೋರುಬೆರಳಿನ ತುದಿಯನ್ನು ಬಿಳಿಚಿಕೊಳ್ಳುವವರೆಗೆ ಒತ್ತಿ, ಹತ್ತು ಸೆಕೆಂಡು ಹಾಗೇ ಹಿಡಿದು ಬಿಟ್ಟರು. ಬಣ್ಣ ಮರಳಲು ಆರು ಸೆಕೆಂಡು ಬೇಕಾಯಿತು. "ಮೂರರೊಳಗೆ ಬರಬೇಕು ನೋಡಿ. ಬಿ.ಪಿ.ಯನ್ನು ಔಷಧಿ ಎತ್ತಿ ಹಿಡಿದಿದೆ. ರಕ್ತ ಇನ್ನೂ ತುದಿವರೆಗೆ ಸರಿಯಾಗಿ ಹೋಗ್ತಿಲ್ಲ."

ಹೊರಗಿನ ಬೆಂಚಿನ ಮೇಲೆ ಕೂತಾಗ ನಾಚಿಕೆಯಾಯಿತು. ಇದು ನನಗೆ ಗೊತ್ತಿಲ್ಲದ ವಿಷಯವೇ ಅಲ್ಲ. 2019ರಲ್ಲಿ ಪ್ರಕಟವಾದ 'ಆಂಡ್ರೊಮಿಡಾ-ಶಾಕ್' ಅಧ್ಯಯನವನ್ನು ನನ್ನ ಪ್ರಬಂಧದಲ್ಲಿ ನಾನೇ ಉಲ್ಲೇಖಿಸಿದ್ದೆ. ಲ್ಯಾಟಿನ್ ಅಮೆರಿಕದ 5 ದೇಶಗಳ 424 ರೋಗಿಗಳು. ಒಂದು ಗುಂಪಿನ ಚಿಕಿತ್ಸೆಗೆ ಎರಡು ಗಂಟೆಗೊಮ್ಮೆ ಅಳೆದ ರಕ್ತದ ಲ್ಯಾಕ್ಟೇಟ್ ದಾರಿ ತೋರಿಸಿದರೆ, ಇನ್ನೊಂದಕ್ಕೆ ಅರ್ಧ ಗಂಟೆಗೊಮ್ಮೆ ಒತ್ತಿ ನೋಡಿದ ಬೆರಳ ತುದಿ. 28 ದಿನಗಳಲ್ಲಿ ತೀರಿಕೊಂಡವರು ಮೊದಲ ಗುಂಪಿನಲ್ಲಿ ಶೇ. 43.4, ಎರಡನೆಯದರಲ್ಲಿ ಶೇ. 34.9. ಬೆರಳೇ ಮೇಲೆಂದು ಖಚಿತವಾಗಿ ಹೇಳಲು ಸಂಖ್ಯಾಶಾಸ್ತ್ರದ ಪ್ರಕಾರ ಆ ಅಂತರ ಸಾಲದು. ಆದರೂ ಯಂತ್ರವೇ ಬೇಡದ ಆ ಪರೀಕ್ಷೆಯನ್ನು ಹಗುರವಾಗಿ ಕಾಣುವಂತಿಲ್ಲ. ಇಷ್ಟನ್ನೂ ಬರೆದಿದ್ದ ನಾನು ಒಬ್ಬರ ಬೆರಳನ್ನೂ ಒತ್ತಿ ನೋಡಿರಲಿಲ್ಲ.

ಮರುದಿನ ಸಿಸ್ಟರ್, "ಬನ್ನಿ, ನೀವೇ ನೋಡಿ" ಎಂದರು. ಅಪ್ಪನ ಕೈ ತಣ್ಣಗಿತ್ತು. ಹೈಸ್ಕೂಲು ದಾಟಿದ ಮೇಲೆ ಆ ಕೈ ಹಿಡಿದ ನೆನಪಿಲ್ಲ. ಒತ್ತಿ ಬಿಟ್ಟು ಎಣಿಸಿದೆ: ಐದು. ಸಂಜೆಗೆ ನಾಲ್ಕು. ಮೂರನೆಯ ದಿನ ಮೂರು ಎಣಿಸುವ ಮೊದಲೇ ಕೆಂಪು ಓಡಿ ಬಂತು. ಕೈಯೂ ಬೆಚ್ಚಗಿತ್ತು.

ಅಪ್ಪ ಮನೆಗೆ ಬಂದರು. ನನ್ನ ಸೆನ್ಸರುಗಳ ಮೇಲೆ ನಂಬಿಕೆಯೇನೂ ಹೋಗಿಲ್ಲ, ಕೆಲಸ ಮುಂದುವರಿದಿದೆ. ಆದರೆ ಪಕ್ಕದಲ್ಲಿ ಕೂತಾಗ ಈಗಲೂ ಅವರ ಬೆರಳ ತುದಿ ಒತ್ತಿ ನೋಡುತ್ತೇನೆ.

"ಎಷ್ಟು ಮಾರ್ಕ್ಸ್ ಹಾಕಿದ್ಯೋ?" ಎನ್ನುತ್ತಾರೆ. ಕೈ ಮಾತ್ರ ಎಳೆದುಕೊಳ್ಳುವುದಿಲ್ಲ.