ತಪ್ಪಿಗೊಂದು ಅಡ್ಡಹೆಸರು

ಸರ್ಕ್ಯೂಟ್ ಬೋರ್ಡ್ ಮಾಡುವವರನ್ನು ‘ತಾಮ್ರ ಎಷ್ಟು ದಪ್ಪ?’ ಎಂದು ಕೇಳಿ ನೋಡಿ. ‘ಒಂದು ಔನ್ಸ್’ ಎನ್ನುತ್ತಾರೆ. ದಪ್ಪ ಕೇಳಿದರೆ ತೂಕ ಹೇಳುವ ಜನ! ಒಂದು ಔನ್ಸ್ ತಾಮ್ರವನ್ನು ಒಂದು ಚದರ ಅಡಿಗೆ ಸಮನಾಗಿ ಹರಡಿದರೆ ಎಷ್ಟು ತೆಳ್ಳಗಾದೀತೋ ಅದೇ ಅವರ ದಪ್ಪ. ಸುಮಾರು 35 ಮೈಕ್ರಾನ್.

ಬೋರ್ಡಿನ ನಕ್ಷೆಯ ಫೈಲಿಗೆ ‘ಗರ್ಬರ್’ ಎಂದು ಹೆಸರು. ಜೋಸೆಫ್ ಗರ್ಬರ್ 1924ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದವರು. ನಾಜಿಗಳ ಕೈಯಿಂದ ಪಾರಾಗಿ 1940ರಲ್ಲಿ ಅಮೆರಿಕ ಸೇರಿದರು. ಓದುವಾಗ ಲೆಕ್ಕಕ್ಕೆಂದು, ಹಿಗ್ಗಿಸಿದರೆ ಹಿಗ್ಗುವ ಅಳತೆಪಟ್ಟಿಯನ್ನು ತಮ್ಮ ಪೈಜಾಮದ ಇಲಾಸ್ಟಿಕ್ಕಿನಿಂದಲೇ ಮಾಡಿಕೊಂಡರಂತೆ. ಪೈಜಾಮ ಜಾರಿದರೂ ಆ ಪಟ್ಟಿಯ ಬಲದಿಂದ ಅವರ ಕಂಪನಿ ನಿಂತಿತು. ಮುಂದೆ ಅದರ ಯಂತ್ರಗಳು ಫಿಲ್ಮಿನ ಮೇಲೆ ಬೆಳಕಿನಿಂದ ಗೆರೆ ಎಳೆದವು. ದೀಪ ಹಚ್ಚಿಕೊಂಡು ಸಾಗು, ದೀಪ ಆರಿಸಿಕೊಂಡು ಸಾಗು, ನಿಂತಲ್ಲೇ ಒಮ್ಮೆ ಮಿನುಗಿಸು: ಮೂರೇ ಅಪ್ಪಣೆ. ಆ ಯಂತ್ರಗಳು ಮೂಲೆ ಸೇರಿದರೂ ಫೈಲಿನೊಳಗೆ ‘ಫ್ಲ್ಯಾಶ್’ ಇನ್ನೂ ಉಳಿದಿದೆ.

ನಿಜವಾದ ಮೋಜಿರುವುದು ತಪ್ಪುಗಳ ಹೆಸರಿನಲ್ಲಿ. ಅಕ್ಕಿಕಾಳಿಗಿಂತ ಚಿಕ್ಕ ರೆಸಿಸ್ಟರಿನ ಒಂದು ತುದಿಯ ಸೋಲ್ಡರ್ ಓವನ್ನಿನಲ್ಲಿ ಮೊದಲು ಕರಗಿತೆನ್ನಿ. ಕರಗಿದ ಲೋಹ ಅದನ್ನು ತನ್ನತ್ತ ಜಗ್ಗುತ್ತದೆ, ರೆಸಿಸ್ಟರ್ ನೆಟ್ಟಗೆ ಎದ್ದು ನಿಲ್ಲುತ್ತದೆ. ಇದು ‘ಟೂಂಬ್‌ಸ್ಟೋನಿಂಗ್’, ಅಂದರೆ ಗೋರಿಕಲ್ಲು. ಇದನ್ನೇ ‘ಮ್ಯಾನ್‌ಹಟನ್’ ಎನ್ನುವವರೂ ಇದ್ದಾರೆ. ಒಬ್ಬರಿಗೆ ಸ್ಮಶಾನ ಕಂಡಲ್ಲಿ ಇನ್ನೊಬ್ಬರಿಗೆ ಗಗನಚುಂಬಿ ಕಟ್ಟಡಗಳು. ಎಲ್ಲ ಅವರವರ ಮನೋಧರ್ಮ. ತೇವ ಹೀರಿಕೊಂಡ ಚಿಪ್ ಅದೇ ಓವನ್ನಿಗೆ ಹೋದರೆ ಒಳಗಿನ ನೀರು ಆವಿಯಾಗಿ ಮೈ ಬಿರಿಯುತ್ತದೆ: ‘ಪಾಪ್‌ಕಾರ್ನ್’.

ಎಲ್ಲ ವಿಚಿತ್ರ ಹೆಸರೂ ತಪ್ಪಿನದೇ ಅಲ್ಲ ಅನ್ನಿ. ಬೋರ್ಡುಗಳನ್ನು ಮುರಿದು ಬೇರ್ಪಡಿಸಲು ಸಾಲಾಗಿ ಕೊರೆದ ತೂತುಗಳು ‘ಮೌಸ್ ಬೈಟ್’. ಮುರಿದ ಅಂಚನ್ನು ನೋಡಿದರೆ ಇಲಿಯ ಮೇಲೆ ಗುಮಾನಿ ಬರುವುದು ಸಹಜ. ಲೇಪನದ ತೊಟ್ಟಿಯಲ್ಲಿ ಒಂಟಿ ಗೆರೆಗಳ ಮೇಲೆ ತಾಮ್ರ ಅತಿಯಾಗಿ ಕೂರದಂತೆ, ಖಾಲಿ ಜಾಗದಲ್ಲಿ ಬೇಕೆಂದೇ ತಾಮ್ರದ ಚುಕ್ಕೆಗಳನ್ನಿಟ್ಟು ಕರೆಂಟನ್ನು ಅತ್ತ ಸೆಳೆಯುತ್ತಾರೆ. ಇದರ ಹೆಸರು ‘ಥೀವಿಂಗ್’. ಕಳ್ಳತನವನ್ನು ನಕ್ಷೆಯಲ್ಲೇ ಬರೆದು, ಗಿರಾಕಿಯ ಒಪ್ಪಿಗೆ ಪಡೆದು ಮಾಡುವ ಕಸುಬು ಬೇರೆಲ್ಲಿದೆ?

ಅಚ್ಚುಕಟ್ಟಾಗಿ ಕೂತ ಬೆಸುಗೆಗೆ ಮಾತ್ರ ಇಂಥ ಹೆಸರಿಲ್ಲ. ತರಗತಿಯಲ್ಲೂ ಅಡ್ಡಹೆಸರು ಬೀಳುವುದು ತುಂಟರಿಗೇ ತಾನೆ? ಆದರೆ ಇಲ್ಲಿನ ಅಡ್ಡಹೆಸರು ಬರೀ ಗೇಲಿಯಲ್ಲ. ‘ಪಾಪ್‌ಕಾರ್ನ್’ ಎಂದು ಯಾರಾದರೂ ಕೂಗಿದರೆ, ಗೊತ್ತಿದ್ದವರು ಚಿಪ್ಪಿನ ಮುಖವನ್ನೂ ನೋಡದೆ ಅದನ್ನಿಟ್ಟಿದ್ದ ಪೊಟ್ಟಣ ಎಷ್ಟು ದಿನದಿಂದ ತೆರೆದಿತ್ತೆಂದು ವಿಚಾರಿಸುತ್ತಾರೆ.